ಪದಬಂಧ: ಮೂಲೆಮನೆಯ ಲೆಕ್ಕ

ಬಸವನಗುಡಿಯ ಹಳೆಯ ಮನೆ. ಜಗಲಿಯಲ್ಲಿ ನಮ್ಮ ದೊಡ್ಡಪ್ಪ, ಒಳಗೆ ಅಡುಗೆಮನೆಯಲ್ಲಿ ದೊಡ್ಡಮ್ಮ. ನಡುವೆ ಒಂದು ಕಿಟಕಿ. ದೊಡ್ಡಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಕೂಗುತ್ತಿದ್ದರು.

"ಲೇ, ಸಾರಿಗೆ ಕೊನೆಯಲ್ಲಿ ಬೀಳೋದು ಏನೇ? ನಾಲ್ಕಕ್ಷರ."

ಕೂಗಿದ್ದೇನೋ ಹೌದು. ಆದರೆ ಉತ್ತರಕ್ಕೆ ಕಾಯುವ ಜಾತಿಯವರಲ್ಲ ಅವರು. ಆಗಲೇ ಪೆನ್ನಿನಲ್ಲಿ ಬರೆದಾಗಿತ್ತು: ಕೊ-ತ್ತಂ-ಬ-ರಿ. ಸರಿಯಾಗಿ ನಾಲ್ಕು ಮನೆ. ಒಳಗಿನಿಂದ ದೊಡ್ಡಮ್ಮ, "ಒಗ್ಗರಣೆ ರೀ" ಅಂದರು. ಒ-ಗ್ಗ-ರ-ಣೆ. ಅದೂ ನಾಲ್ಕೇ.

"ಕೊತ್ತಂಬರಿ ತಾನೇ ಕೊನೆಯಲ್ಲಿ ಹಾಕೋದು?"

"ನಿಮ್ಮಮ್ಮ ಹಾಗೆ ಹಾಕ್ತಿದ್ರೇನೋ."

ಜಗಳ ತೀರಿಸಬೇಕಾದದ್ದು ಅಡುಗೆಮನೆ ಅಲ್ಲ, ಮೂರನೆಯ ಮನೆ. ಅದರ ಮೂಲಕ ಮೇಲಿನಿಂದ ಕೆಳಕ್ಕೆ ಇನ್ನೊಂದು ಪದ ಇಳಿಯುತ್ತಿತ್ತು. ಸುಳಿವು: ರಾಜ (3). ಅರಸ ಅಂದರೆ ಮಧ್ಯದ ಮನೆಯಲ್ಲಿ 'ರ' ಬೇಕು. ದೊಡ್ಡಪ್ಪ ಅಲ್ಲಿ ಆಗಲೇ 'ಬ' ಕೂರಿಸಿದ್ದರು. ಕೊತ್ತಂಬರಿ ಬಿದ್ದ ಮೇಲೆ ಅರಸನಿಗೆ ಕೂರಲು ಜಾಗವೇ ಇಲ್ಲ.

ಆ ಮೂರನೆಯ ಮನೆಯೇ ಪದಬಂಧ ಅನ್ನುವ ಮಾತಿನಲ್ಲಿರುವ 'ಬಂಧ'. ಇವತ್ತಿನ ಪದ ಅದೇ.

ಪದ ಅಂದರೆ ಮಾತು, ಅದು ಎಲ್ಲರಿಗೂ ಗೊತ್ತು. ಹೆಜ್ಜೆ, ಪಾದ ಅನ್ನುವ ಅರ್ಥವೂ ಇದೆ. ಹಳ್ಳಿಯ ಕಡೆ "ಒಂದು ಪದ ಹೇಳವ್ವಾ" ಅಂದರೆ ಹಾಡು ಅಂತ. ವ್ಯಾಕರಣ ಪಾಠ ಮಾಡಿದ ಮೇಷ್ಟ್ರನ್ನು ಕೇಳಿದರೆ ಇನ್ನೊಂದು ತಕರಾರು ತೆಗೆಯುತ್ತಾರೆ. 'ಮರ' ಅನ್ನುವುದು ಬರೀ ಪ್ರಕೃತಿ, ವಿಭಕ್ತಿ ಪ್ರತ್ಯಯ ಸೇರಿ 'ಮರವು', 'ಮರವನ್ನು' ಆದಾಗಲೇ ಅದು ಪದ. ಆ ಲೆಕ್ಕದಲ್ಲಿ ನಾವು ದಿನಾ ತುಂಬುವುದರಲ್ಲಿ ಮುಕ್ಕಾಲು ಪಾಲು ಪದವೇ ಅಲ್ಲ. ಇರಲಿ, ಮೇಷ್ಟ್ರಿಗೆ ಹೇಳಬೇಡಿ.

ಬಂಧ ಅಂದರೆ ಕಟ್ಟು, ಗಂಟು. ಬಂಧು, ಸಂಬಂಧ, ಬಂಧನ, ಪ್ರಬಂಧ, ಎಲ್ಲವೂ ಅದೇ ಮನೆತನದವು. ಸಂಸ್ಕೃತದ ಚಿತ್ರಕಾವ್ಯದಲ್ಲಿ ಪದ್ಮಬಂಧ, ಖಡ್ಗಬಂಧ, ಮುರಜಬಂಧ ಅಂತ ಬರುತ್ತವೆ. ಪದ್ಯದ ಅಕ್ಷರಗಳನ್ನು ತಾವರೆಯ ಆಕಾರದಲ್ಲೋ ಕತ್ತಿಯ ಆಕಾರದಲ್ಲೋ ಜೋಡಿಸುವ ಕಸರತ್ತು ಅದು. ಕೆಲವು ಅಕ್ಷರಗಳು ಎರಡು ಮೂರು ಸಾಲಿಗೆ ಒಟ್ಟಿಗೇ ಸೇರಿರುತ್ತವೆ. ಭಾರವಿಯ ಕಿರಾತಾರ್ಜುನೀಯದ 15ನೇ ಸರ್ಗದಲ್ಲಿ ಸರ್ವತೋಭದ್ರ ಅನ್ನುವ ಶ್ಲೋಕ ಇದೆ. ಚೌಕದಲ್ಲಿ ಬರೆದರೆ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ, ಹೇಗೆ ಓದಿದರೂ ಅದೇ ಶ್ಲೋಕ. ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ, ನಮ್ಮ ಪೇಪರಿನ ಪದಬಂಧದ ಹಾಗೇ. ಅದನ್ನು ಬೆಳಗಿನ ಕಾಫಿಯ ಜೊತೆ ಬಿಡಿಸಲು ಆಗುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಅಂದ ಹಾಗೆ 'ಬಿಡಿಸು' ಅನ್ನುವ ಮಾತನ್ನೇ ನೋಡಿ. ಒಗಟು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಹಾಗೆಯೇ ಪದಬಂಧವನ್ನೂ ಬಿಡಿಸುತ್ತೇವೆ. ನಿಜವಾಗಿ ಮಾಡುವ ಕೆಲಸ ಮಾತ್ರ ಉಲ್ಟಾ. ಪದಬಂಧ ಬಿಡಿಸುವವರು ಗಂಟು ಕಟ್ಟುತ್ತಾ ಹೋಗುತ್ತಾರೆ.

ಬೇರೆ ಭಾಷೆಗಳು ಇದೇ ಆಟಕ್ಕೆ ಬೇರೆ ಹೆಸರು ಇಟ್ಟಿವೆ. ಹಿಂದಿಯವರು ವರ್ಗ ಪಹೇಲಿ ಅನ್ನುತ್ತಾರೆ, ಅಂದರೆ ಚೌಕದ ಒಗಟು. ಮರಾಠಿಯವರಿಗೆ ಅದು ಶಬ್ದಕೋಡೆ, ಶಬ್ದದ ಒಗಟು. ತಮಿಳರ ಕುರುಕ್ಕೆಳುತ್ತು ಅಂದರೆ ಅಡ್ಡ ಹಾಯುವ ಅಕ್ಷರ. ಒಬ್ಬರಿಗೆ ಚೌಕ ಕಂಡಿತು, ಒಬ್ಬರಿಗೆ ಒಗಟು ಕಂಡಿತು, ಒಬ್ಬರಿಗೆ ಅಡ್ಡಗೆರೆ ಕಂಡಿತು. ಕನ್ನಡದವರಿಗೆ ಕಂಡದ್ದು ಗಂಟು. (ಹಿಂದಿ ವ್ಯಾಕರಣದಲ್ಲೂ ಪದಬಂಧ ಅನ್ನುವ ಮಾತಿದೆ. ಅಲ್ಲಿ ಅದಕ್ಕೆ ಪದಗಳ ಗುಚ್ಛ ಅಂತ ಅರ್ಥ. ದೆಹಲಿಯ ನೆಂಟರ ಹತ್ತಿರ ಈ ಮಾತು ಆಡಿದರೆ ಪಾಠ ಶುರುವಾಗುತ್ತದೆ.)

ಇಂಗ್ಲಿಷಿನ ಹೆಸರಿನ ಕಥೆ ಇದಕ್ಕಿಂತ ತಮಾಷೆ. ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಅನ್ನುವ ಪತ್ರಕರ್ತ 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಇಂಥ ಮೊದಲ ಒಗಟು ಹಾಕಿದ. ವಜ್ರದ ಆಕಾರ, ಮಧ್ಯೆ ಖಾಲಿ. ಅವನು ಇಟ್ಟ ಹೆಸರು 'ವರ್ಡ್-ಕ್ರಾಸ್'. ಕೆಲವು ವಾರಗಳ ಮೇಲೆ ಮೊಳೆ ಜೋಡಿಸುವವರ ಕೈತಪ್ಪಿನಿಂದ ಅದು ತಿರುಗುಮುರುಗಾಗಿ 'ಕ್ರಾಸ್-ವರ್ಡ್' ಆಯಿತು. ಮುದ್ರಣದೋಷವೇ ಹೆಸರಾಗಿ ನಿಂತಿತು. ಪದಬಂಧದಲ್ಲಿ ಅಚ್ಚಿನ ತಪ್ಪು ಕಂಡು ಸಿಟ್ಟಾಗುವವರು ಇದನ್ನು ನೆನೆದುಕೊಳ್ಳಬೇಕು.

ಕ್ರಾಸ್ ಅಂದರೆ ಬೆಂಗಳೂರಿನವರಿಗೆ ನಿಘಂಟು ಬೇಕಿಲ್ಲ. ಮೇನ್ ಉದ್ದಕ್ಕೆ, ಕ್ರಾಸ್ ಅಡ್ಡಕ್ಕೆ. ಮಲ್ಲೇಶ್ವರದಲ್ಲಿ "ಸಂಪಿಗೆ ರಸ್ತೆ, 8ನೇ ಕ್ರಾಸ್" ಅಂದರೆ ಆಟೊದವರು ಸೀದಾ ಮೂಲೆಗೆ ತಂದು ನಿಲ್ಲಿಸುತ್ತಾರೆ. ಆ ಮೂಲೆಯ ಸೈಟು ಎರಡೂ ರಸ್ತೆಗೆ ಸೇರಿದ್ದು. ಅದಕ್ಕೇ ಕಾರ್ನರ್ ಸೈಟಿಗೆ ಬೆಲೆ ಜಾಸ್ತಿ. ಪದಬಂಧದಲ್ಲೂ ಹಾಗೆಯೇ, ಬೆಲೆ ಇರುವುದು ಮೂಲೆಮನೆಗೆ. ಉಳಿದ ಮನೆಗಳಲ್ಲಿ ಏನು ಬರೆದರೂ ಒಂದೇ ರಸ್ತೆಯವರು ಕೇಳುತ್ತಾರೆ. ಮೂಲೆಮನೆಯಲ್ಲಿ ತಪ್ಪಿದರೆ ಎರಡು ರಸ್ತೆಯವರೂ ಬಂದು ಬಾಗಿಲು ತಟ್ಟುತ್ತಾರೆ.

ಕನ್ನಡದಲ್ಲಿ ಈ ಮೂಲೆಮನೆ ಕಟ್ಟುವುದು ಸುಮ್ನೆ ಅಲ್ಲ. ಇಂಗ್ಲಿಷಿನವರಿಗೆ ಇರುವುದು 26 ಅಕ್ಷರ, ಒಂದು ಮನೆಗೆ ಒಂದು. ನಮ್ಮಲ್ಲಿ ಒಂದು ಮನೆಯಲ್ಲಿ ಕಾಗುಣಿತ, ಒತ್ತಕ್ಷರ, ಸೊನ್ನೆ ಎಲ್ಲವೂ ಒಟ್ಟಿಗೆ ಸಂಸಾರ ಹೂಡುತ್ತವೆ. 'ಬೆಂಗಳೂರು' ಅಂದರೆ ಬೆಂ-ಗ-ಳೂ-ರು, ನಾಲ್ಕು ಮನೆ. 'ಸ್ವಾತಂತ್ರ್ಯ' ನೋಡಲು ಎಷ್ಟು ದೊಡ್ಡದು, ಆದರೆ ಸ್ವಾ-ತಂ-ತ್ರ್ಯ, ಬರೀ ಮೂರು ಮನೆ. 'ಸ್ತ್ರೀ' ಒಂದೇ ಮನೆಯಲ್ಲಿ ಮುಗಿಯಿತು. 'ಬಸ್' ಅನ್ನುವಲ್ಲಿ ಮಾತ್ರ ಕೊನೆಯ ಅರ್ಧಾಕ್ಷರಕ್ಕೂ ಒಂದು ಮನೆ ಬಿಟ್ಟುಕೊಡಬೇಕು.

ಒಂದು ಪ್ರಯೋಗ ಮಾಡಿ ನೋಡಿ. ಜಯನಗರ, ಬಸವನಗುಡಿ, ಎರಡೂ ಪಕ್ಕಪಕ್ಕದ ಬಡಾವಣೆ. ಇವನ್ನು ಅಡ್ಡ-ಉದ್ದ ಸೇರಿಸಬೇಕು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಜಯನಗರ್ ಅಂತ ಬರೆದರೆ 9 ಅಕ್ಷರ, ಬಸವನಗುಡಿ 12. ಎರಡರಲ್ಲೂ ನಾಲ್ಕು ನಾಲ್ಕು 'ಎ' ಇವೆ, ಒಂದೊಂದು 'ಎನ್', ಒಂದೊಂದು 'ಜಿ'. ಲೆಕ್ಕ ಹಾಕಿದರೆ 18 ರೀತಿಯಲ್ಲಿ ಸೇರಿಸಬಹುದು. ಈಗ ಕನ್ನಡದಲ್ಲಿ ಬರೆಯಿರಿ. ಜ-ಯ-ನ-ಗ-ರ. ಬ-ಸ-ವ-ನ-ಗು-ಡಿ. 'ನ' ಎರಡರಲ್ಲೂ ಇದೆ, ಸರಿ. ಗಕಾರವೂ ಇದೆಯಲ್ಲ ಅಂತ ಖುಷಿಪಡಬೇಡಿ. ಒಂದು ಕಡೆ 'ಗ', ಇನ್ನೊಂದು ಕಡೆ 'ಗು'. ಕೊಂಬು ಅಡ್ಡ ಬಂತು. ಸೇರಿಸಲು ಇರುವುದು ಒಂದೇ ಜಾಗ.

ಅಲ್ಲಿ 18, ಇಲ್ಲಿ 1. ಇಂಗ್ಲಿಷಿನ ಚೌಕದಲ್ಲಿ ಪದಗಳು ಹೆಜ್ಜೆ ಹೆಜ್ಜೆಗೂ ಹಾಯುತ್ತವೆ. ನಮ್ಮಲ್ಲಿ ಒಂದು ಪದಕ್ಕೆ ಒಂದೋ ಎರಡೋ ಗಂಟು ಸಿಕ್ಕಿದರೆ ರಚಿಸುವವರು ಉಸಿರು ಬಿಡುತ್ತಾರೆ. ಆದರೆ ಆ ಒಂದು ಗಂಟು ಬಿಗಿ. ಇಂಗ್ಲಿಷಿನಲ್ಲಿ ಒಂದು 'ಎ' ಸಿಕ್ಕರೆ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಒಂದು 'ಡೀ' ಸಿಕ್ಕಿ, ಸುಳಿವು 'ಅರ್ಜುನನ ಬಿಲ್ಲು (3)' ಅಂತ ಇದ್ದರೆ ಗಾಂಡೀವ ತಾನಾಗಿ ಬಂದು ಕೂರುತ್ತದೆ. ಅದಕ್ಕೇ ನನ್ನ ಮಟ್ಟಿಗೆ ಅವರದು ಕ್ರಾಸ್, ನಮ್ಮದು ಬಂಧ. ಎರಡೂ ಹೆಸರು ಅವರವರ ಲಿಪಿಗೆ ಸರಿಯಾಗಿವೆ.

ಇಷ್ಟು ಬಿಗಿಯಲ್ಲಿ ದಿನಕ್ಕೊಂದು ಪದಬಂಧ ಮಾಡುವುದು ಹೇಗೆ? ಅ.ನಾ. ಪ್ರಹ್ಲಾದ ರಾವ್ ಅವರು ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆ ಪುಸ್ತಕದಲ್ಲೇ ಹೆಸರು ಸೇರಿಸಿದವರು. ಅವರಂಥವರ ತಲೆಯಲ್ಲಿ ಒಂದು ದೊಡ್ಡ ಉಗ್ರಾಣ ಇರಬೇಕು. ಆದರೆ ಭಾಷೆಯೂ ಒಂದಿಷ್ಟು ಕೈ ಕೊಡುತ್ತದೆ. ವರ್ಷ ಅಂದರೆ ಎರಡು ಮನೆ, ಜಾಗ ಮಿಕ್ಕರೆ ವರುಷ ಅಂತ ಮೂರು ಮಾಡಬಹುದು. ಚಂದ್ರ ಸಾಲದಿದ್ದರೆ ಚಂದಿರ. ಆಕಾಶ ಹೊಂದದಿದ್ದರೆ ಆಗಸ. ಶಾಲೆಯಲ್ಲಿ ಬೈದುಕೊಂಡು ಬಾಯಿಪಾಠ ಮಾಡಿದ ತತ್ಸಮ-ತದ್ಭವ ಕೊನೆಗೂ ಕೆಲಸಕ್ಕೆ ಬರುವ ಜಾಗ ಇದು.

ಸುಳಿವುಗಳಲ್ಲಿ ಎರಡು ಥರ. ಒಂದು ನೇರವಾದದ್ದು. ಸೀತೆಯ ತಂದೆ (3) ಅಂದರೆ ಜನಕ, ಮುಗಿಯಿತು. ನಮ್ಮ ಪೇಪರುಗಳಲ್ಲಿ ಜಾಸ್ತಿ ಇಂಥವೇ. ಪುರಾಣ ಗೊತ್ತಿದ್ದವರು ಕಾಫಿ ಆರುವುದರೊಳಗೆ ಅರ್ಧ ಮುಗಿಸುತ್ತಾರೆ. ಇನ್ನೊಂದು ಒಗಟಿನ ಜಾತಿಯದು, ಇಂಗ್ಲಿಷಿನವರು ಕ್ರಿಪ್ಟಿಕ್ ಅನ್ನುವಂಥದ್ದು. ಅಲ್ಲಿ ಸುಳಿವಿನ ಒಂದು ಭಾಗ ಅರ್ಥ ಹೇಳುತ್ತದೆ, ಉಳಿದ ಭಾಗ ಅಕ್ಷರಗಳನ್ನು ಏನು ಮಾಡಬೇಕು ಅಂತ ಹೇಳುತ್ತದೆ. ಓದಿದಾಗ ಮಾತ್ರ ಬೇರೇನೋ ಕಥೆ ಹೇಳಿದ ಹಾಗೆ ಇರುತ್ತದೆ. ನಾನೇ ಹೊಸೆದ ಒಂದೆರಡು ನೋಡಿ.

'ಜಗ ತಿರುಗಿದರೆ ಆನೆ (2)'. ಜ-ಗ ಅನ್ನುವುದನ್ನು ತಿರುಗಿಸಿ ಬರೆಯಿರಿ. ಗಜ.

'ಮೈಗೆ ಸೂರು ಸಿಕ್ಕ ಊರು (3)'. ಮೈ, ಸೂರು. ಮೈಸೂರು.

'ಸಮರದಲ್ಲಿ ತಲೆ ಹೋದರೂ ನಿಂತಿರುವುದು (2)'. ಸಮರದ ತಲೆ 'ಸ'. ಅದನ್ನು ತೆಗೆದರೆ ಮರ.

ಇದೇನೂ ಹೊರಗಿನಿಂದ ಬಂದ ಬುದ್ಧಿ ಅಲ್ಲ. 'ಮರಾ ಮರಾ' ಅಂತ ಜಪಿಸುತ್ತಾ ಹೋದ ಬೇಡನ ಬಾಯಲ್ಲಿ 'ರಾಮ ರಾಮ' ಬಂತು ಅನ್ನುವ ವಾಲ್ಮೀಕಿಯ ಕಥೆಯನ್ನು ಅಜ್ಜಿಯಿಂದ ಕೇಳಿದವರಿಗೆ ಈ ತಂತ್ರ ಆಗಲೇ ಗೊತ್ತು. ಅಲ್ಲೂ ಕಾಗುಣಿತ ಕಟ್ಟುನಿಟ್ಟು. ಬೇಡ ಬರೀ 'ಮರ ಮರ' ಅಂದಿದ್ದರೆ ಬರುತ್ತಿದ್ದದ್ದು 'ರಮ', ರಾಮ ಅಲ್ಲ. ಕನಕದಾಸರ ಮುಂಡಿಗೆ, ಬೆಡಗಿನ ವಚನ, ಹಳ್ಳಿಯ ಒಗಟು, ಮಾತನ್ನು ಮುಚ್ಚಿಟ್ಟು ಹೇಳುವ ಚಟ ನಮಗೆ ಹಳೆಯದು. ಇಷ್ಟಿದ್ದೂ ಕನ್ನಡದ ದಿನಪತ್ರಿಕೆಗಳಲ್ಲಿ ಒಗಟಿನ ಸುಳಿವು ಅಪರೂಪ ಅನ್ನುವುದು ನನ್ನ ದೂರು.

ಬಿಡಿಸುವವರಿಗೆ ಗೊತ್ತಿರಬೇಕಾದ ಗುಟ್ಟು ಜಾಸ್ತಿ ಏನಿಲ್ಲ. ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನ, ಕೊನೆಯ ಮನೆಯಲ್ಲಿ 'ಳು' ಇರುವ ಸಾಧ್ಯತೆ ಇದೆ. ಕ್ರಿಯಾಪದ ಕೇಳಿದ್ದರೆ ಕೊನೆ 'ಸು' ಇದೆಯೇ ನೋಡಿ. ಪಕ್ಕಾ ಗೊತ್ತಿರುವುದನ್ನು ಮೊದಲು ತುಂಬಿ, ಉಳಿದದ್ದನ್ನು ಮೂಲೆಮನೆಗಳ ಮೇಲೆ ಬಿಡಿ. ಮತ್ತೆ, ಪೆನ್ಸಿಲ್ ಬಳಸಿ. ಪೇಪರಿನ ಕಾಗದ ತೆಳು, ಮೊನೆ ಚೂಪಾದರೆ ಹರಿಯುತ್ತದೆ. ಸ್ವಲ್ಪ ಸವೆದದ್ದೇ ಒಳ್ಳೆಯದು.

ಗ್ರಂಥಾಲಯದ ಪೇಪರಿನಲ್ಲಿ ಮಾತ್ರ ತುಂಬಬೇಡಿ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ನನಗಿಂತ ಮೊದಲು ಬರುವ ಯಾರೋ ಒಬ್ಬರಿದ್ದರು. ದಿನಾ ನೀಲಿ ಪೆನ್ನಿನಲ್ಲಿ ನಾಲ್ಕೇ ಪದ ತುಂಬಿ ಎದ್ದು ಹೋಗುತ್ತಿದ್ದರು. ಅದರಲ್ಲಿ ಎರಡು ತಪ್ಪು. ಅವರ ಮುಖ ನೋಡಬೇಕು ಅಂತ ಒಂದು ವಾರ ಬೇಗ ಹೋಗಿ ಕೂತೆ. ಆ ವಾರ ಯಾರೂ ತುಂಬಲಿಲ್ಲ.

ದೊಡ್ಡಪ್ಪನ ಕೊತ್ತಂಬರಿ ವಿಷಯ ಅರ್ಧಕ್ಕೇ ನಿಂತಿತು, ಅಲ್ವಾ? ಅವತ್ತು ಅವರು ಸೋಲು ಒಪ್ಪಲಿಲ್ಲ. 'ರಾಜ' ಅನ್ನುವ ಸುಳಿವೇ ಅಚ್ಚಿನ ತಪ್ಪು ಅಂತ ವಾದ ಮಾಡಿದರು. ಮಾರನೆಯ ದಿನ ಪೇಪರ್ ಬಂತು. ಮೊದಲ ಪುಟ ಬಿಟ್ಟು ಸೀದಾ ಹಿಂದಿನ ದಿನದ ಉತ್ತರಕ್ಕೆ ಹೋದರು. ನೋಡಿದರು. ಮಡಿಚಿಟ್ಟರು.

"ಏನು ಬಂದಿದೆ ರೀ?" ಕಿಟಕಿಯ ಆ ಕಡೆಯಿಂದ ದೊಡ್ಡಮ್ಮ.

"ಸಾರು ಘಮ್ ಅಂತಿದೆ ಕಣೇ" ಅಂದರು ದೊಡ್ಡಪ್ಪ.