ಲಂಟಾನ, ಬೋಗನ್‌ವಿಲ್ಲಾ, ಬಿದಿರು: ಬುಡ ಸಮೇತ ತೆಗೆಯುವುದು ಹೇಗೆ?

ಚಿಕ್ಕಮಗಳೂರಿನ ಹಳೇ ಮನೆಗಳ ಹಿತ್ತಲು ನೋಡಿದರೆ ಈ ಮೂರರಲ್ಲಿ ಒಂದಾದರೂ ಸಿಗುತ್ತದೆ. ಬೇಲಿ ಅಂತ ಬಿಟ್ಟ ಲಂಟಾನ, ಗೇಟಿನ ಮೇಲೆ ಹಬ್ಬಿಸಿದ ಬೋಗನ್‌ವಿಲ್ಲಾ, ಮೂಲೆಯಲ್ಲೊಂದು ಬಿದಿರಿನ ಮೆಳೆ. ನಮ್ಮ ಹಿತ್ತಲಲ್ಲಿ ಮೂರೂ ಇವೆ, ಕೆಲಸ ಇನ್ನೂ ಮುಗಿದಿಲ್ಲ. ಕಲಿತದ್ದು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಗ್ಲೌಸ್, ತುಂಬು ತೋಳಿನ ಅಂಗಿ, ಹರಿತವಾದ ಕತ್ತಿ, ಇವೆಲ್ಲ ಗೊತ್ತಿರುವುದೇ ಅಲ್ವಾ, ಬಿಟ್ಟಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ

ಕಡಿದ ಮೇಲೆ ಈ ಗಿಡ ಎಲ್ಲಿಂದ ಚಿಗುರುತ್ತದೆ? ಲಂಟಾನ ಚಿಗುರುವುದು ಬುಡದಿಂದ. ಬೋಗನ್‌ವಿಲ್ಲಾ ಉಳಿದ ಮೋಟಿನಿಂದ. ಬಿದಿರು ಮಣ್ಣಿನೊಳಗಿನ ಗೆಡ್ಡೆಯಿಂದ. ಆ ಚಿಗುರುವ ಜಾಗ ಹೊರಗೆ ಬಂದರೆ ಮುಕ್ಕಾಲು ಕೆಲಸ ಆದ ಹಾಗೆ. ಸಣ್ಣಪುಟ್ಟ ಬೇರುಗಳು ಅಲ್ಲೇ ಕೊಳೆಯಲಿ, ಬೇರಿನ ತುದಿ ಹುಡುಕುತ್ತಾ ಇಡೀ ಹಿತ್ತಲು ಅಗೆಯುವುದು ಬೇಡ.

ಲಂಟಾನ

ಇದಕ್ಕೆ ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ಒಂದು ವಿಧಾನ ಇದೆ. ಮುಖ್ಯ ಬೇರನ್ನು ಮಣ್ಣಿನ ಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ಕಡಿಯಬೇಕು. ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಬುಡ ಮತ್ತೆ ಮಣ್ಣು ಹಿಡಿಯಬಾರದಲ್ಲ. ಓದಿದರೆ ಎರಡೇ ಸಾಲು.

ಆದರೆ ಮಣ್ಣಿನ ಮಟ್ಟ ಅಂದರೆ ಯಾವುದು? ಎಲ್ಲರ ತಲೆ ಕೆಡುವುದು ಇಲ್ಲೇ. ಕಾಡಿನಲ್ಲಿ ತಾನಾಗಿ ಬೆಳೆದ ಗಿಡಕ್ಕೆ ಈ ಲೆಕ್ಕ ಸರಿ. ಹಿತ್ತಲಲ್ಲಿ ಹಾಗಿರುವುದಿಲ್ಲ. ವರ್ಷಗಟ್ಟಲೆ ತರಗೆಲೆ ಬಿದ್ದಿರುತ್ತದೆ, ಗುಡಿಸಿದ ಕಸ ಸೇರಿರುತ್ತದೆ, ಇಳಿಜಾರಿನ ಮೇಲಿಂದ ಮಳೆ ನೀರು ಮಣ್ಣು ತಂದು ಪೇರಿಸಿರುತ್ತದೆ. ಆಗ ನಿಜವಾದ ಬುಡ ಗೇಣುದ್ದ ಕೆಳಗೆ ಹೂತು ಹೋಗಿರಬಹುದು. ಮೇಲಿನ ಮಣ್ಣಿನಿಂದ ಅಳೆದು 5 ಸೆಂ.ಮೀ. ಕೆಳಗೆ ಕಡಿದರೆ ಕತ್ತಿ ಬೀಳುವುದು ಕಾಂಡದ ಮೇಲೆ, ಬೇರಿನ ಮೇಲಲ್ಲ. ಚಿಗುರುವ ಜಾಗ ಪೂರ್ತಿ ಒಳಗೇ ಉಳಿಯಿತು. ಮುಂದಿನ ಮಳೆಗೆ ಒಂದು ಕೊಂಬೆ ಇದ್ದ ಕಡೆ ನಾಲ್ಕು ಬರುತ್ತವೆ.

ಹಾಗಾಗಿ ಟೇಪು ಬದಿಗಿಟ್ಟು ಕಣ್ಣಿನಲ್ಲಿ ನೋಡಿ. ಬುಡದ ಸುತ್ತ ಮಣ್ಣನ್ನು ಕೈಯಲ್ಲೇ ಕೆದಕುತ್ತಾ ಹೋಗಿ. ಕೊಂಬೆಗಳೆಲ್ಲ ಬಂದು ಸೇರುವ ದಪ್ಪ ಗಂಟು ಸಿಗುತ್ತದೆ. ಅದರ ಕೆಳಗೆ ಸಪೂರವಾಗಿ ಇಳಿಯುವುದು ಮುಖ್ಯ ಬೇರು. ಗಂಟು ಪೂರ್ತಿ ಕಾಣುವವರೆಗೆ ಕತ್ತಿ ಎತ್ತಬೇಡಿ. ಗಂಟಿನ ಕೆಳಗೆ ಕಡಿಯಿರಿ.

ಇನ್ನೊಂದು ಮೋಸ: ನೆಲಕ್ಕೆ ತಾಗಿದ ಕೊಂಬೆಗಳು ಅಲ್ಲಲ್ಲೇ ಬೇರು ಬಿಟ್ಟಿರುತ್ತವೆ. ನೋಡುವುದಕ್ಕೆ ಒಂದೇ ಪೊದೆ, ಒಳಗೆ ಐದಾರು ಬುಡ. ಮಲಗಿದ ಕೊಂಬೆಯನ್ನೆಲ್ಲ ಎತ್ತಿ ಎಳೆದು ನೋಡಿ. ಏಳದೆ ಹಿಡಿದುಕೊಂಡರೆ ಅಲ್ಲೊಂದು ಬುಡ ಇದೆ.

ನನಗೆ ಬಹಳ ಇಷ್ಟವಾದ ಉಪಾಯ: ಮೊದಲೇ ನೆಲಮಟ್ಟಕ್ಕೆ ಸವರಬೇಡಿ. ಸೊಂಟದೆತ್ತರಕ್ಕೆ ದಪ್ಪ ಕೊಂಬೆಗಳನ್ನು ಬಿಡಿ. ಅವೇ ನಿಮ್ಮ ಹಿಡಿ. ಬುಡ ಬಿಡಿಸಿದ ಮೇಲೆ ಹಗ್ಗ ಕಟ್ಟಿ, ಅಲ್ಲಾಡುವ ಹಲ್ಲು ಕೀಳುವ ಹಾಗೆ ಹಿಂದೆ ಮುಂದೆ ಎಳೆಯಿರಿ. ಇನ್ನೊಬ್ಬರು ಹಾರೆಯನ್ನು ಗಂಟಿನ ಕೆಳಗೆ ತೂರಿಸಿ, ಕಲ್ಲಿನ ಮೇಲೆ ಆನಿಸಿ ಮೀಟಲಿ. ಪೊದೆ ಮೊದಲೇ ಸವರಿಬಿಟ್ಟರೆ ಈ ಹಿಡಿಯೇ ಇರುವುದಿಲ್ಲ, ಮೋಟು ಮಾತ್ರ ನಗುತ್ತಾ ಕೂತಿರುತ್ತದೆ.

ಯಾವಾಗ ಮಾಡಬೇಕು? ನನ್ನ ಮತ ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಮರುದಿನ. ಕಾಫಿ ಹೂ ಅರಳಲಿ ಅಂತ ಬೆಳೆಗಾರರು ಕಾಯುವ ಈ ಮಳೆ ಇದಕ್ಕೂ ಒಳ್ಳೆಯದು. ಬಿರುಬಿಸಿಲಿಗೆ ಗಟ್ಟಿಯಾಗಿದ್ದ ಕೆಂಪು ಮಣ್ಣು ಮೆತ್ತಗಾಗಿರುತ್ತದೆ, ಆಮೇಲೆ ಬರುವ ಬಿಸಿಲಿಗೆ ಕಿತ್ತ ಬುಡ ಒಣಗುತ್ತದೆ. ಜುಲೈನಲ್ಲಿ ಮಣ್ಣೇನೋ ಇನ್ನೂ ಮೆತ್ತಗೆ. ಆದರೆ ಬಿಸಾಕಿದ ತುಂಡು ಬಿದ್ದಲ್ಲೇ ಬೇರು ಬಿಡಬಹುದು, ಇಂಬಳದ (ಜಿಗಣೆ) ಕಾಟ ಬೇರೆ.

ಬೋಗನ್‌ವಿಲ್ಲಾ

ಹಿಡಿ ಬಿಡುವುದು, ಹಾರೆ ಮೀಟುವುದು ಇಲ್ಲೂ ಅದೇ. ಮುಳ್ಳು ಮಾತ್ರ ಜಾಸ್ತಿ, ಕನ್ನಡಕ ಹಾಕಿಕೊಳ್ಳಿ. ಗೋಡೆ ಪಕ್ಕ ಇದ್ದರೆ ಹಾರೆಯನ್ನು ಗೋಡೆಗೆ ಆನಿಸಬೇಡಿ, ಕಾಂಪೌಂಡ್ ಬಿರುಕು ಬಿಡುತ್ತದೆ. ಮೋಟಿಗೆ ಉಪ್ಪು ಸುರಿಯಿರಿ, ಸೀಮೆಎಣ್ಣೆ ಹಾಕಿ ಅನ್ನುವವರು ಸಿಗುತ್ತಾರೆ. ಬೇಡ. ನಮ್ಮ ಮಳೆಗೆ ಉಪ್ಪು ಪಕ್ಕದ ಗಿಡದ ಬುಡಕ್ಕೂ ಹೋಗುತ್ತದೆ, ಸೀಮೆಎಣ್ಣೆ ಬಾವಿ ನೀರಿಗೆ ಸೇರಬಹುದು. ಮೋಟು ಬರಲೇ ಇಲ್ಲವಾ? ಚಿಗುರು ಬಂದಾಗಲೆಲ್ಲ ಮುರಿಯುತ್ತಿರಿ. ಎಲೆ ಬಿಚ್ಚುವುದಕ್ಕೆ ಬಿಡದಿದ್ದರೆ ಬೇರಿನಲ್ಲಿ ಕೂಡಿಟ್ಟ ಆಹಾರ ಖಾಲಿಯಾಗಿ ನಿಧಾನಕ್ಕೆ ಸಾಯುತ್ತದೆ.

ಬಿದಿರು

ಮೆಳೆಯ ನಡುವೆ ಅಗೆಯಲು ಜಾಗವೇ ಇರುವುದಿಲ್ಲ. ಹೊರಗಿನ ಅಂಚಿನಿಂದ ಒಂದೊಂದೇ ಬೊಂಬನ್ನು ಗೆಡ್ಡೆ ಸಮೇತ ಬಿಡಿಸುತ್ತಾ ಒಳಗೆ ಹೋಗಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಬೊಂಬೆಲ್ಲ ಕಡಿದು, ಮಳೆಗಾಲದಲ್ಲಿ ಏಳುವ ಕಳಲೆಯನ್ನು (ಬಿದಿರಿನ ಎಳೆ ಮೊಳಕೆ) ಬಿಡದೆ ಮುರಿಯಿರಿ. ತಿನ್ನುವ ಜಾತಿಯ ಬಿದಿರಾದರೆ ಪಲ್ಯಕ್ಕೂ ಆಯಿತು, ಆದರೆ ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಲೇಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ.

ಕಿತ್ತದ್ದನ್ನು ಏನು ಮಾಡುವುದು

ಲಂಟಾನ ಸೊಪ್ಪನ್ನು ದನ ಓಡಾಡುವ ಕಡೆ ಹಾಕಬೇಡಿ. ತಿಂದರೆ ಯಕೃತ್ತು ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಕಾಯಿ ಬಿಟ್ಟ ಕೊಂಬೆಯನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ. ದಪ್ಪ ಕೋಲು ಎಸೆಯುವುದು ದಂಡ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರಲ್ಲಿ ಕುರ್ಚಿ, ಮೇಜು ಮಾಡುತ್ತಾರೆ. ನಮಗೆ ಹುರುಳಿ ಬಳ್ಳಿಗೆ ಊರುಗೋಲಾದರೂ ಆಗಲಿ, ಪೂರ್ತಿ ಒಣಗಿಸಿ ನೆಡಿ.

ಪೊದೆ ಹೋಗಿ ಮರದ ಗಾತ್ರಕ್ಕೆ ಬಂದದ್ದು ಏನಾದರೂ ಇದ್ದರೆ ಕೊಡಲಿ ಹಾಕುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹಿತ್ತಲಿಗೂ ಅನ್ವಯಿಸುತ್ತದೆ. ಲಂಟಾನ ಇದ್ದ ಜಾಗವನ್ನು ಜೂನ್‌ನಲ್ಲಿ ಮತ್ತೆ ನೋಡಿ. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಉದುರಿಸಿದ ಬೀಜಗಳು ಆಗ ಮೊಳೆತಿರುತ್ತವೆ. ಬೆರಳುದ್ದ ಇರುವಾಗ ಕೈಯಲ್ಲೇ ಕೀಳಬಹುದು.