ಮಾರಿಕಣಿವೆ ಕೋಡಿ ಬಿದ್ದಾಗ ನೆನಪಾದ ಕಾಕ್ರಪಾರ

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಹಿರಿಯೂರು ಕಡೆ ಜಾತ್ರೆಯಂತೆ ಜನ ಸೇರಿದ್ದರು. 1933ರ ನಂತರ ಅದೇ ಮೊದಲು, 89 ವರ್ಷ! ಇದು ತುಂಬೋ ಡ್ಯಾಮಲ್ಲ ಅಂತ ಎರಡು ತಲೆಮಾರು ನಂಬಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು (ಭದ್ರೆಯ ನೀರೂ ಸೇರಿತ್ತು ಅನ್ನಿ). ನದಿ ದಂಡೆಯ ಅಣುಸ್ಥಾವರಗಳು ಎಡವಿದ್ದೂ ಇಲ್ಲೇ, ಕಂಡ ನೀರನ್ನೇ ಕೊನೆ ಅಂದುಕೊಂಡು.

ಸ್ಥಾವರ ನದಿ ಪಕ್ಕ ಇರುವುದು ಸುಮ್ನೆ ಅಲ್ಲ. ಹಬೆ ತಣಿಸಲು ರಾಶಿ ನೀರು ಬೇಕು. ರಿಯಾಕ್ಟರ್ ನಿಲ್ಲಿಸಿದ ಮೇಲೂ ಇಂಧನ ಬಿಸಿ ಉಗುಳುತ್ತಲೇ ಇರುತ್ತದೆ, ಅದನ್ನು ತಣಿಸಲು ಪಂಪ್ ಓಡಬೇಕು, ಪಂಪಿಗೆ ಕರೆಂಟ್ ಬೇಕು, ಕರೆಂಟ್ ಹೋದರೆ ಡೀಸೆಲ್ ಜನರೇಟರ್ ಬೇಕು. ಅನಾಹುತಕ್ಕೆ ರಿಯಾಕ್ಟರಿನ ದಪ್ಪ ಗೋಡೆ ಒಡೆಯಬೇಕಿಲ್ಲ, ಇವು ಮುಳುಗಿದರೆ ಸಾಕು. 2011ರಲ್ಲಿ ಫುಕುಶಿಮಾದಲ್ಲಿ ಆಗಿದ್ದೂ ಇದೇ. ಅಲ್ಲಿ ನುಗ್ಗಿದ್ದು ಸಮುದ್ರ, ಅಷ್ಟೇ.

ಅದಕ್ಕೂ 17 ವರ್ಷ ಮೊದಲೇ ನಮ್ಮ ದೇಶಕ್ಕೆ ಪಾಠ ಸಿಕ್ಕಿತ್ತು. 1994ರ ಜೂನ್, ಗುಜರಾತಿನ ಕಾಕ್ರಪಾರ ಅಣುಸ್ಥಾವರ. ಭಾರಿ ಮಳೆಗೆ ಪಕ್ಕದ ಮೋತಿಚೇರ್ ಕೆರೆ ಉಕ್ಕಿತು, ಗೇಟು ತೆರೆಯಲಾಗಲಿಲ್ಲ, ನೀರು ಹೊರಹೋಗಲೆಂದು ಮಾಡಿದ್ದ ದಾರಿಯಲ್ಲೇ ಒಳಗೆ ನುಗ್ಗಿ ಟರ್ಬೈನ್ ಕಟ್ಟಡ ತುಂಬಿತು. ಕೊನೆಗೆ ಊರವರು ತಮ್ಮ ಮನೆ ಉಳಿಸಿಕೊಳ್ಳಲು ಕೆರೆ ಏರಿ ಒಡೆದರು, ಆಗ ನೀರು ಇಳಿಯಿತು. ತೂಬು, ಕೋಡಿ, ಏರಿ ನೋಡಿಕೊಂಡೇ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಪುಣ್ಯಕ್ಕೆ ಮೊದಲ ಘಟಕ ಆಗ ನಿಂತಿತ್ತು, ಎರಡನೆಯದು ಇನ್ನೂ ಶುರುವಾಗಿರಲಿಲ್ಲ.

1999ರ ಡಿಸೆಂಬರ್ 27ರ ರಾತ್ರಿ ಫ್ರಾನ್ಸಿನ ಬ್ಲಾಯೆ ಅಣುಸ್ಥಾವರದಲ್ಲಿ ಬಿರುಗಾಳಿಗೆ ಜಿರೋಂಡ್ ನದೀಮುಖದ ನೀರು ತಡೆಗೋಡೆ ಹಾರಿ ಎರಡು ಘಟಕಗಳ ನೆಲಮಾಳಿಗೆಗೆ ಇಳಿಯಿತು. ಗೋಡೆ ಎತ್ತರಿಸಿದ್ದು ಆಮೇಲೆ. ಅಮೆರಿಕದ ಫೋರ್ಟ್ ಕ್ಯಾಲ್ಹೂನ್‌ನಲ್ಲಿ ಪ್ರವಾಹದ ತಯಾರಿ ಸಾಲದು ಎಂದು ನಿಯಂತ್ರಣ ಸಂಸ್ಥೆ 2010ರಲ್ಲೇ ಹೇಳಿತ್ತು. ಮರುವರ್ಷವೇ ಮಿಸೌರಿ ನದಿ ಉಕ್ಕಿ ಸ್ಥಾವರ ನಡುಗಡ್ಡೆಯಾಯಿತು. ಸುತ್ತ ಕಟ್ಟಿದ್ದ ನೀರು ತುಂಬಿದ ರಬ್ಬರ್ ಒಡ್ಡು, ಯಂತ್ರವೊಂದು ತಗುಲಿ ಹರಿದೇ ಹೋಯಿತು! ಅಲ್ಲೂ ರಿಯಾಕ್ಟರ್ ಮೊದಲೇ ನಿಂತಿತ್ತು. ಅದೃಷ್ಟ ಸ್ವಲ್ಪ ಜಾಸ್ತಿಯೇ ಕೈ ಹಿಡಿದಿದೆ.

ಇನ್ನು ನಮ್ಮ ಕೈಗಾ. ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯಲ್ಲಿದೆ. ಮೇಲೆ ಕೊಡಸಳ್ಳಿ ಅಣೆಕಟ್ಟು, ಅದರಾಚೆ ಸೂಪಾ. ಮಳೆಯ ಲೆಕ್ಕದ ಜೊತೆ, ಮೇಲಿನ ಅಣೆಕಟ್ಟು ಒಡೆದರೆ ಎಷ್ಟು ಹೊತ್ತಿಗೆ ಎಷ್ಟು ನೀರು ಬರುತ್ತದೆ ಎನ್ನುವ ಲೆಕ್ಕವೂ ಅಲ್ಲಿ ಬೇಕು. 2019ರ ಆಗಸ್ಟಿನಲ್ಲಿ ಕದ್ರಾದಿಂದ ಬಿಟ್ಟ ನೀರಿಗೇ ಕೆಳಗಿನ ಊರುಗಳು ಮುಳುಗಿದ್ದವು. ಆ ಲೆಕ್ಕ ಸರಳ ಕನ್ನಡದಲ್ಲಿ ಆ ಊರುಗಳ ಪಂಚಾಯಿತಿ ಗೋಡೆಯ ಮೇಲಿರಬೇಕು ಅನ್ನುವುದು ನನ್ನ ಹಟ.