ರಾತ್ರಿಯಿಡೀ ಅಳದ ಕೂಸು, ರಾತ್ರಿ ಆಯಾ

ನಮ್ಮ ಭಾಗದಲ್ಲಿ ಮೊದಲ ಬಾಣಂತನ ತವರಿನಲ್ಲೇ. ಅವ್ವ, ದೊಡ್ಡವ್ವ, ಅತ್ತಿಗೆ ಸರದಿಯ ಮೇಲೆ ಎದ್ದು ಕೂಸನ್ನು ಎತ್ತಿಕೊಳ್ಳುವ ಮನೆಗಳಲ್ಲಿ ರಾತ್ರಿಗೆಂದು ಆಯಾಳನ್ನು ಇಡುವ ಮಾತೇ ಬರುತ್ತಿರಲಿಲ್ಲ. ಈಗ ಕಲಬುರಗಿಯ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ. ಅವ್ವನಿಗೆ ಮೊಣಕಾಲು ನೋವು, ಅತ್ತೆ ಊರಲ್ಲಿ ತೊಗರಿ ರಾಶಿ ಬಿಟ್ಟು ಬರಲಾರರು, ಸಿಸೇರಿಯನ್ ಹೊಲಿಗೆ ಇನ್ನೂ ಹಸಿ. ಆಯಾಳನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಮುಜುಗರ ಪಡಬೇಕಾದ್ದೂ ಇಲ್ಲ. ಆದರೆ ಅವಳ ಕೆಲಸ ಏನೆಂಬುದನ್ನು ಮನೆಯವರು ಮೊದಲೇ ತಿಳಿದಿರಬೇಕು.

ಮಕ್ಕಳ ವೈದ್ಯರ ಹತ್ತಿರ ಬಂದವರು ಆಯಾಳನ್ನು ಹೊಗಳುವ ಮಾತು ಸಾಮಾನ್ಯವಾಗಿ ಒಂದೇ: "ಭಾಳ ಚಲೋ ಹೆಣ್ಮಗಳು ಸಿಕ್ಕಾಳ್ರೀ ಡಾಕ್ಟರ್. ರಾತ್ರಿಯೆಲ್ಲಾ ಕೂಸು ಒಮ್ಮೆನೂ ಅತ್ತಿಲ್ಲ." ಹತ್ತು ದಿನದ ಕೂಸಿನ ಬಗ್ಗೆ ಈ ಮಾತು ಕೇಳಿದಾಗ ನಾನು ಮೊದಲು ಮಾಡುವುದು ತೂಕ ನೋಡುವುದು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ನವಜಾತ ಶಿಶುವಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಅಂದರೆ ಎರಡು ಮೂರು ತಾಸಿಗೊಮ್ಮೆ ಅದು ಏಳಲೇಬೇಕು. ರಾತ್ರಿಯಿಡೀ ಏಳಲಿಲ್ಲವೆಂದರೆ ಡಬ್ಬಿ ಹಾಲನ್ನು ಹೊಟ್ಟೆ ಬಿರಿಯುವಷ್ಟು ಕುಡಿಸಿರಬಹುದು, ಬೇರು ಕಾಯಿ ತೇಯ್ದ ಗುಟ್ಟಿಯನ್ನೋ ನೆಗಡಿಯ ಸಿರಪ್ಪನ್ನೋ ಹಾಕಿರಬಹುದು. ಇಲ್ಲವೇ ಕೂಸಿಗೆ ಅಳಲೂ ತ್ರಾಣವಿಲ್ಲದಿರಬಹುದು. ನಂಜು, ಹೆಚ್ಚಿದ ಕಾಮಾಲೆ, ರಕ್ತದಲ್ಲಿ ಸಕ್ಕರೆ ಇಳಿದದ್ದು, ಇವೆಲ್ಲ ಈ ವಯಸ್ಸಿನಲ್ಲಿ ಮಂಪರಾಗಿಯೇ ತೋರುತ್ತವೆ.

ಹೀಗಾಗಿ ಮೊದಲ ದಿನವೇ ಅವಳಿಗೆ ಹೇಳಿಬಿಡಿ: "ಅಕ್ಕಾ, ಕೂಸು ಅತ್ತರ ನಮಗ ಬ್ಯಾಸರಿಲ್ಲ. ಸುಮ್ಮ ಮಲಗಸಾಕಂತ ಏನೂ ಕುಡಸಬ್ಯಾಡ್ರಿ." ಜೇನು, ಗ್ರೈಪ್ ವಾಟರ್, ಬಜೆ ತೇಯ್ದ ನೀರು ಯಾವುದೂ ಬೇಡ. ಕಣ್ಣಿಗೆ ಕಾಡಿಗೆ ಬೇಡ, ಮೂಗು ಕಿವಿಗೆ ಎಣ್ಣೆ ಬೇಡ. ಇವನ್ನೆಲ್ಲ ಅವಳು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ತನ್ನ ಮಕ್ಕಳನ್ನೂ ಹಾಗೆಯೇ ಬೆಳೆಸಿರುತ್ತಾಳೆ, ಅದಕ್ಕೇ ಗೌರವ ಇಟ್ಟು, ಕಾರಣ ತಿಳಿಸಿ ಹೇಳಬೇಕು.

ಹಾಲಿನ ವಿಷಯದಲ್ಲಿ ಮನೆಯವರೇ ಎಡವುತ್ತಾರೆ. ತಾಯಿ ಮಲಗಲಿ, ಆಯಾ ಬಾಟಲಿ ಹಾಲು ಕೊಡಲಿ ಎಂದು ಮೊದಲ ವಾರದಿಂದಲೇ ಶುರು ಮಾಡಿದರೆ ಎದೆಹಾಲು ಕಡಿಮೆಯಾಗುತ್ತದೆ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತೇ ಹೆಚ್ಚು ಇರುತ್ತದೆ, ಕೂಸು ಚೀಪಿದಷ್ಟೂ ಅದು ಏರುತ್ತದೆ. ಮೊದಲ ವಾರಗಳಲ್ಲಿ ರಾತ್ರಿ ಕುಡಿಸುವುದನ್ನು ತಪ್ಪಿಸಿದ ತಾಯಿ ಎರಡನೇ ತಿಂಗಳಲ್ಲಿ "ಹಾಲೇ ಇಲ್ಲ" ಎಂದು ಅಳುತ್ತಾ ಬರುವುದು ನನಗೆ ತುಂಬ ಸಂಕಟದ ನೋಟ. ಆಯಾ ಮಾಡಬೇಕಾದ್ದು ಇಷ್ಟು: ಕೂಸು ಬಾಯಿ ತೆರೆದು ಹಾಲಿಗೆ ಹುಡುಕಾಡತೊಡಗಿದೊಡನೆ, ಅಳುವ ಮೊದಲೇ, ಎತ್ತಿ ತಾಯಿಯ ಪಕ್ಕಕ್ಕೆ ಕೊಡುವುದು. ಕುಡಿದಾದ ಮೇಲೆ ತೇಗು ತರಿಸಿ, ಬಟ್ಟೆ ಬದಲಿಸಿ ಮಲಗಿಸುವುದು. ತಾಯಿ ಹಾಸಿಗೆ ಬಿಟ್ಟು ಏಳಬೇಕಿಲ್ಲ, ಅಷ್ಟೇ ದೊಡ್ಡ ಉಪಕಾರ. ಕೂಸಿನ ತೂಕ ಚೆನ್ನಾಗಿ ಏರುತ್ತಿದ್ದರೆ, ತಿಂಗಳಾದ ಮೇಲೆ, ಹಿಂಡಿಟ್ಟ ಎದೆಹಾಲನ್ನು ರಾತ್ರಿ ಒಮ್ಮೆ ಒಳಲೆಯಲ್ಲೋ ಬಟ್ಟಲು ಚಮಚದಲ್ಲೋ ಆಯಾ ಕುಡಿಸಬಹುದು. ಆಗ ತಾಯಿಗೆ ನಾಲ್ಕೈದು ತಾಸು ಒಂದೇ ಓಘದ ನಿದ್ದೆ ಸಿಗುತ್ತದೆ. ಹಿಂಡಿದ ಹಾಲು ಹೊರಗೆ ನಾಲ್ಕು ತಾಸು ಇರುತ್ತದೆ ಎನ್ನುವ ಲೆಕ್ಕ 25 ಡಿಗ್ರಿಯ ಕೋಣೆಗೆ. ಏಪ್ರಿಲ್, ಮೇ ತಿಂಗಳ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ, ಹಿಂಡಿದ ತಕ್ಷಣ ಫ್ರಿಜ್ಜಿಗೆ ಇಡಿ.

ಬೇಸಿಗೆಯೆಂದು ಕೂಸಿಗೆ ನೀರು ಕುಡಿಸುವುದೂ ಬೇಡ. ಎದೆಹಾಲಿನಲ್ಲಿ ನೀರೇ ಶೇ 88ರಷ್ಟಿದೆ. ಬಿಸಿಲಿನ ಪಾರಾ 42 ಡಿಗ್ರಿ ದಾಟಿದ ದಿನಗಳಲ್ಲಿ ಕುಂಚಿಗೆ, ಸ್ವೆಟರ್, ಕಾಲುಚೀಲ ಹಾಕಿ ಸುತ್ತಿಟ್ಟ ಕೂಸಿಗೆ ಬಂದ ಜ್ವರವನ್ನು ನಾವು ವರ್ಷವೂ ನೋಡುತ್ತೇವೆ. ತೆಳು ಹತ್ತಿ ಬಟ್ಟೆ ಸಾಕು. ಕೂಲರ್ ಇರಲಿ, ಗಾಳಿ ಕೂಸಿನ ಮುಖಕ್ಕೆ ನೇರ ಬೀಸದಿರಲಿ. ಬೀದರಿನ ಡಿಸೆಂಬರ್ ಚಳಿ ಬೇರೆ ಮಾತು. ಅಲ್ಲಿ ಟೋಪಿ, ಕಾಲುಚೀಲ ಎಲ್ಲ ಬೇಕು. ಆದರೆ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಶೆಗಡಿ ಇಟ್ಟುಕೊಂಡು ಆಯಾ, ತಾಯಿ, ಕೂಸು ಮಲಗುವುದು ಪ್ರಾಣಕ್ಕೆ ಅಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಆಯಾಳನ್ನು ಆರಿಸುವಾಗ ಎಲ್ಲರೂ ಅನುಭವ ಕೇಳುತ್ತಾರೆ. ನಾನು ಕೇಳಿಸುವ ಪ್ರಶ್ನೆ ಬೇರೆ: ಹಗಲು ಎಲ್ಲಿ ಕೆಲಸ ಮಾಡುತ್ತೀರಿ? ಹಗಲೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ಓಡಾಡಿ ರಾತ್ರಿ ನಿಮ್ಮ ಮನೆಗೆ ಬರುವವಳು ಎಷ್ಟೇ ನಿಷ್ಠಳಾದರೂ ಮೂರು ಗಂಟೆಗೆ ತೂಕಡಿಸುತ್ತಾಳೆ. ತೂಕಡಿಸುವವಳ ಮಡಿಲಲ್ಲಿ, ಸೋಫಾದ ಮೇಲೆ, ಅವಳ ಹಾಸಿಗೆಯಲ್ಲಿ ಕೂಸು ಉಸಿರುಗಟ್ಟಬಹುದು. ಹಗಲು ನಿದ್ದೆ ಮಾಡಿ ಬರುವಷ್ಟು ಸಂಬಳ ಕೊಡಿ. ಮನೆಗೆಲಸವನ್ನು ಕರ್ನಾಟಕ ಸರ್ಕಾರ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದೆ, ಅದಕ್ಕಿಂತ ಕಡಿಮೆ ಕೊಡುವುದು ನ್ಯಾಯವಲ್ಲ. ವಾರಕ್ಕೊಂದು ರಾತ್ರಿ ರಜೆ, ರಾತ್ರಿ ಊಟ, ಒಂದು ಚಹಾ ಅವಳ ಹಕ್ಕು. ಬೆಳಗಿನ ಮುಸುರೆ ತಿಕ್ಕಲು ಹಚ್ಚಬೇಡಿ.

ಎರಡು ವಾರ ದಾಟಿದ ಕೆಮ್ಮು ಇದ್ದವರಿಗೆ ಕಫ ಪರೀಕ್ಷೆ, ಎಕ್ಸ್‌ರೇ ಆಗುವವರೆಗೆ ಕೂಸನ್ನು ಕೊಡಬೇಡಿ. ಕ್ಷಯ ಎಳೆಗೂಸಿಗೆ ಬಂದರೆ ಮಿದುಳಿಗೂ ಹರಡಬಲ್ಲದು. ಹಲ್ಲಿಗೆ ಮಿಶ್ರಿ (ಸುಟ್ಟ ತಂಬಾಕಿನ ಪುಡಿ), ತಂಬಾಕು ಹಚ್ಚುವ ರೂಢಿ ನಮ್ಮಲ್ಲಿ ಹೆಂಗಸರಲ್ಲೂ ಇದೆ. ಆ ಬೆರಳು ಸಾಬೂನಿನಿಂದ ತೊಳೆಯದೆ ಕೂಸನ್ನು ಮುಟ್ಟಬಾರದು. ಆಯಾಳ ಹಿನ್ನೆಲೆಯ ಪೊಲೀಸ್ ಪರಿಶೀಲನೆಗೆ ಅರ್ಜಿಯನ್ನು ರಾಜ್ಯ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ ಹಾಕಬಹುದು.

ಕೂಸು ತಾಯಿಯ ಕೋಣೆಯಲ್ಲೇ ಇರಲಿ, ಅಂಗಾತ, ಗಟ್ಟಿ ಹಾಸಿಗೆಯ ಮೇಲೆ ಪ್ರತ್ಯೇಕವಾಗಿ ಮಲಗಲಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು ಬೇಡ. ಸೊಳ್ಳೆಗೆ ಪರದೆ ಕಟ್ಟಿ, ಬತ್ತಿ ಹಚ್ಚಬೇಡಿ. ಗೋಡೆಗೊಂದು ಹಾಳೆ ಅಂಟಿಸಿ: ಹಾಲು ಕುಡಿದರೆ ಕಡ್ಡಿ, ಉಚ್ಚೆ ಹೊಯ್ದರೆ ಚುಕ್ಕೆ. ಅಕ್ಷರ ಬಾರದವರೂ ಇದನ್ನು ಬರೆಯುತ್ತಾರೆ. ಮೊದಲ ವಾರ ಕಳೆದ ಮೇಲೆ ಹಗಲು ರಾತ್ರಿ ಸೇರಿ ಆರು ಚುಕ್ಕೆಯಾದರೂ ಇರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರುತ್ತಾರಲ್ಲ, ಅವರಿಗೂ ಈ ಹಾಳೆ ತೋರಿಸಿ.

ತಾಯಿಯ ಮೇಲೂ ಕಣ್ಣಿರಲಿ. ಆಯಾ ಇದ್ದು, ಕೂಸು ಮಲಗಿ, ಮನೆ ಸ್ತಬ್ಧವಾಗಿದ್ದರೂ ತಾಯಿಗೆ ನಿದ್ದೆಯೇ ಹತ್ತುವುದಿಲ್ಲ, ಸುಮ್ಮಸುಮ್ಮನೆ ಅಳುತ್ತಾಳೆ, ಕೂಸಿನ ಕಡೆ ನೋಡಲೂ ಮನಸ್ಸಿಲ್ಲ ಎಂದರೆ ಅದು ಬಾಣಂತಿ ಖಿನ್ನತೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಸಂಬಂಧವಿಲ್ಲದ ಮಾತು, ವಿನಾಕಾರಣ ಭಯ, ಸಂಶಯ ಕಂಡರೆ ಫೋನಿನಲ್ಲಿ ಮುಗಿಸದೆ ಅದೇ ದಿನ ಮನೋವೈದ್ಯರ ಬಳಿ ಕರೆದೊಯ್ಯಿರಿ. ಇದನ್ನು ಮೊದಲು ಕಾಣುವವಳು ಎಷ್ಟೋ ಸಲ ಆಯಾಳೇ. ಅವಳು ಹೇಳಿದಾಗ ತಳ್ಳಿಹಾಕಬೇಡಿ.

ಕೊನೆಗೆ, ಅವಳು ಯಾವಾಗ ಎಬ್ಬಿಸಬೇಕೆಂದು ತಿಳಿಸಿ, ಎಬ್ಬಿಸಿದ್ದಕ್ಕೆ ಬೈಯುವುದಿಲ್ಲವೆಂದು ಮಾತು ಕೊಡಿ. ಕೂಸು ಹಾಲು ಬಿಟ್ಟರೆ, ನಿಮಿಷಕ್ಕೆ ಅರವತ್ತು ಸಲ ಅಥವಾ ಹೆಚ್ಚು ಉಸಿರಾಡಿದರೆ, ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಝಟಕೆ ಬಂದರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಬಗಲಿನ ಥರ್ಮಾಮೀಟರ್ 99.5 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮೈ ತಣ್ಣಗಾಗಿ ಕೂಸು ಜೋತುಬಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ. 108ಕ್ಕೆ ಫೋನ್ ಮಾಡಿ. ಆ್ಯಂಬುಲೆನ್ಸ್ ಬರುವವರೆಗೆ ಕೂಸನ್ನು ತಾಯಿಯ ಎದೆಗೆ ಅವಚಿಸಿ, ಗೋಡೆಯ ಮೇಲಿನ ಆ ಹಾಳೆಯನ್ನು ಕಿತ್ತು ಜೊತೆಗೆ ತನ್ನಿ.